ಹಾಸುಪಾರೆಯ ಸದ್ದು

ಜೀವಾಂಕ ಎಪ್ಪತ್ತೊಂದು. ತೆಂಕಳಿವೆ ಮೀನುಗಾರರ ಸಂಘದ ಮಾಳಿಗೆಯ ಗೋಡೆಯಲ್ಲಿ ಆ ಅಂಕಿ ಹಸಿರಾಗಿ ಉರಿಯುತ್ತಿತ್ತು. ಕೆಳಗೆ ಧಕ್ಕೆಗೆ ಬೆಳಿಗ್ಗೆ ಬಂದ ಹದಿನಾಲ್ಕು ದೋಣಿಗಳಲ್ಲಿ ಹನ್ನೊಂದು ದೋಣಿಯವರು ಖಾಲಿ ಬುಟ್ಟಿ ಇಳಿಸಿದ್ದರು. ಮಿಕ್ಕ ಮೂರರಲ್ಲಿ ಇದ್ದದ್ದು ಧಕ್ಕೆಯ ಬೆಕ್ಕುಗಳಿಗೂ ಸಾಲದು.

"ಕಡ್ಲಿಗೆ ಎಪ್ಪತ್ತೊಂದ್ ಮಾರ್ಕ್ ಅಂಬ್ರ್. ನಮ್ಗ್ ಮಾತ್ರ ಸೊನ್ನೆ!" ಎಂದು ಯಾರೋ ಕೆಳಗಿನಿಂದ ಮಾಳಿಗೆಗೆ ಕೇಳಿಸುವ ಹಾಗೆ ಕೂಗಿದ. ನಾಲ್ಕಾರು ಜನ ನಕ್ಕರು. ಸನ್ನಿಧಿ ಹೆಡ್‌ಫೋನಿನ ಒಂದು ಕಿವಿ ಸರಿಸಿ ಅದನ್ನು ಕೇಳಿಸಿಕೊಂಡಳು, ಮತ್ತೆ ಮುಚ್ಚಿಕೊಂಡಳು. ಎರಡು ವರ್ಷದಿಂದ ಅಂಕಿ ಏರುತ್ತಿತ್ತು, ಬುಟ್ಟಿ ಇಳಿಯುತ್ತಿತ್ತು. ಇವೆರಡೂ ಒಟ್ಟಿಗೆ ಆಗುವಂಥದ್ದಲ್ಲ.

ಸಂಘದ ಪುಸ್ತಕದಲ್ಲಿ ಅವಳ ಹುದ್ದೆಗೆ ಉದ್ದದ ಹೆಸರೊಂದಿತ್ತು. ಊರಿನವರು ಅವಳನ್ನು 'ಕಿವಿ ಸನ್ನಿಧಿ' ಅನ್ನುತ್ತಿದ್ದರು. ಕೆಲಸವೂ ಅಷ್ಟೇ, ಕೇಳುವುದು. ಅಳಿವೆ ಬಾಗಿಲಿನಿಂದ ಆರು ಕಿಲೋಮೀಟರ್ ಆಚೆ, ಒಂಬತ್ತು ಮಾರು ಆಳದಲ್ಲಿ ಹಾಸುಪಾರೆ ಎಂಬ ಬಂಡೆಯ ಹಾಸು. ಅದರ ಸುತ್ತ ಎಂಟು ಕಂಬ ನೆಟ್ಟಿದ್ದರು, ಪ್ರತಿ ಕಂಬದ ತುದಿಯಲ್ಲೂ ನೀರಿನ ಸದ್ದು ಹಿಡಿಯುವ ಯಂತ್ರ. ಜೀವ ಇರುವ ಕಡಲಡಿ ಸುಮ್ಮನಿರುವುದಿಲ್ಲ. ಬಂಡೆಯ ಸಂದಿಯಲ್ಲಿ ಸಣ್ಣ ಸಿಗಡಿಗಳು ಕೊಂಡಿಯಿಂದ ಚಿಟಿಕೆ ಹೊಡೆಯುತ್ತವೆ. ಲಕ್ಷಗಟ್ಟಲೆ ಸೇರಿದರೆ ಅದು ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಕೇಳುತ್ತದೆ. ಅದರ ಹಿಂದೆ ಕೊಡ್ಡಾಯಿ ಮೀನಿನ ಗುಂಪು ಹೊಟ್ಟೆಯಿಂದ ಡೋಲು ಬಡಿಯುತ್ತದೆ. ಬಂಡೆಯ ಪಾಚಿಯನ್ನು ಹಲ್ಲಿನಿಂದ ಕೆರೆಯುವ ಮೀನುಗಳ ಸದ್ದೂ ಇರುತ್ತದೆ. ಯಂತ್ರ ಅದನ್ನೆಲ್ಲ ತೂಗಿ ನೂರಕ್ಕೆ ಇಷ್ಟು ಅಂತ ಒಂದು ಅಂಕಿ ಕೊಡುತ್ತದೆ, ಅದೇ ಜೀವಾಂಕ.

ಆ ಅಂಕಿಯ ಮೇಲೆ ಊರೇ ನಿಂತಿತ್ತು. ಇಪ್ಪತ್ತೊಂದು ವರ್ಷದ ಹಿಂದೆ ನೆಲೆಹಕ್ಕಿನ ಕಾನೂನು ಬಂದಾಗ ಕರಾವಳಿಯ ಕಡಲಡಿಯನ್ನೆಲ್ಲ ತುಂಡು ತುಂಡಾಗಿ ಗುರುತಿಸಿ ಒಂದೊಂದನ್ನು ಒಂದೊಂದು ಮೀನುಗಾರರ ಸಂಘಕ್ಕೆ ವಹಿಸಿಕೊಟ್ಟಿದ್ದರು. ಮೀನಿನ ಮನೆಯನ್ನು ಮೀನು ಹಿಡಿಯುವವರೇ ಕಾಯಲಿ ಎಂಬ ಯೋಚನೆ. ಒಳ್ಳೆಯ ಯೋಚನೆಯೇ. ಆದರೆ ಒಂದು ಷರತ್ತು ಇತ್ತು: ಜೀವಾಂಕ ಸತತ ತೊಂಬತ್ತು ದಿನ ನಲವತ್ತಕ್ಕಿಂತ ಕೆಳಗಿದ್ದರೆ ಆ ತುಂಡು 'ನಿರ್ಜೀವ', ಸಂಘದ ಹಕ್ಕು ಹೋಯಿತು. ಆಮೇಲೆ ಅಲ್ಲಿ ಮರಳು ಬಗೆಯುವ ಹಡಗು ಇಳಿಯಬಹುದು. ಬಗೆಯುವವರು ಕಾಯುತ್ತಲೇ ಇದ್ದರು. ದಿಗಂತದಲ್ಲಿ ಎರಡು ಹಡಗು ತಿಂಗಳುಗಟ್ಟಲೆ ನಿಂತಲ್ಲೇ ನಿಂತಿರುವುದು ಮಾಳಿಗೆಯ ಕಿಟಕಿಯಿಂದ ಕಾಣುತ್ತಿತ್ತು.

ತೆಂಕಳಿವೆಯವರು ಸುಮ್ಮನೆ ಹಕ್ಕು ತಿಂದವರಲ್ಲ, ಅದನ್ನು ಹೇಳಲೇಬೇಕು. ತಳ ಗೋರುವ ಬಲೆಗಳನ್ನು ತಾವೇ ಧಕ್ಕೆಯಲ್ಲಿ ರಾಶಿ ಹಾಕಿ ಸುಟ್ಟರು. ಮೀನು ಮನೆ ಮಾಡಲೆಂದು ಸಿಮೆಂಟಿನ ಬಳೆಗಳನ್ನು ಹಾಸುಪಾರೆಯ ಸುತ್ತ ಮುಳುಗಿಸಿದರು. ಅಳಿವೆಯ ಎರಡೂ ದಡಕ್ಕೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡ ನೆಟ್ಟು, ಅದನ್ನು ಮೇಯಲು ಬಂದ ಎಮ್ಮೆಗಳ ಜೊತೆ ವರ್ಷಗಟ್ಟಲೆ ಜಗಳವಾಡಿದರು. ಪ್ರತಿ ಬೇಸಿಗೆಯಲ್ಲಿ ನಲವತ್ತು ದಿನ 'ಮರಿಗಾಲ' ಅಂತ ಹಾಸುಪಾರೆಗೆ ಯಾರೂ ಹೋಗದ ಹಾಗೆ ತಾವೇ ಕಟ್ಟು ಹಾಕಿಕೊಂಡರು. ಮುರಿದವನ ದೋಣಿಯನ್ನು ಒಂದು ಮಳೆಗಾಲ ಪೂರ್ತಿ ದಡದಲ್ಲಿ ಕವುಚಿ ಹಾಕುತ್ತಿದ್ದರು.

ಆ ದಿನ ಮರಿಗಾಲದ ಹನ್ನೆರಡನೆಯ ದಿನ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಸನ್ನಿಧಿಯ ಮೇಜಿನ ಕೆಂಪು ದೀಪ ಹತ್ತಿತು. ಕಳ್ಳದೋಣಿ ಬಂದರೆ ಎಚ್ಚರಿಸಲೆಂದು ಆ ಬೆಳಿಗ್ಗೆಯಷ್ಟೇ ಹಾಕಿಸಿದ ದೀಪ ಅದು. ಹಾಸುಪಾರೆಯ ಮೇಲೆ ದೋಣಿ ಇದೆ ಅಂತ ಅರ್ಥ.

ಅವಳು ಹಾಸುಪಾರೆಯ ಮೇಲೆ ಲಂಗರು ಹಾಕಿದ ತೇಲುಬುರುಡೆಯ ಕ್ಯಾಮೆರಾ ತೆರೆದು ನೋಡಿದಳು. ಬಿಸಿಲು, ನೀರು, ಎರಡು ಕಡಲಹಕ್ಕಿ. ದೋಣಿ ಇರಲಿಲ್ಲ. ರಾಡಾರಿನಲ್ಲೂ ಇರಲಿಲ್ಲ. ಯಂತ್ರ ಯಾವ ಸದ್ದಿಗೆ ಬೆಚ್ಚಿತು ಅಂತ ಹಿಂದಕ್ಕೆ ತಿರುಗಿಸಿ ಕೇಳಿದಳು. ಸಾಸಿವೆ ಸಿಡಿಯುವ ಸದ್ದಿನ ನಡುವೆ, ಮರಕ್ಕೆ ಮರ ತಾಗಿದ ಸದ್ದು. ಟಕ್ ಟಕ್. ಒಂದು ಉಸಿರಿನಷ್ಟು ಬಿಡುವು. ಟಕ್.

ಸಂಜೆ ನಾಲ್ಕೂವರೆಗೆ ಮತ್ತೆ ಅದೇ ಬಂತು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ. ಮೂರು ಸಲವೂ ನೀರಿನ ಮೇಲೆ ಯಾರೂ ಇರಲಿಲ್ಲ. ದೆವ್ವ ಭೂತ ಅಂತ ಹೆದರುವ ಪೈಕಿಯಲ್ಲ ಸನ್ನಿಧಿ. ಸದ್ದನ್ನು ಫೋನಿಗೆ ಇಳಿಸಿಕೊಂಡು ಊಟಕ್ಕೆ ಮನೆಗೆ ಹೊರಟಳು.

ಮನೆಯ ಜಗಲಿಯಲ್ಲಿ ಅವಳ ತಾಯಿ ಗಿರಿಜ ಗೆರಸೆ ತುಂಬ ಒಣಸಿಗಡಿ ಹಾಕಿಕೊಂಡು ತಲೆ ಮುರಿಯುತ್ತಿದ್ದಳು. ಸಿಗಡಿ ಈ ಊರಿನದ್ದಲ್ಲ, ಯಾವುದೋ ದೂರದ ಕೊಳದಲ್ಲಿ ಸಾಕಿದ್ದು. ಐವತ್ತು ವರ್ಷ ಮೀನು ಮಾರಿದ ಹೆಂಗಸು ಈಗ ಅಂಗಡಿಯಿಂದ ಮೀನು ತರಬೇಕಾದದ್ದು ಅವಳಿಗೆ ದೊಡ್ಡ ಅವಮಾನ. ದಿನಕ್ಕೊಮ್ಮೆಯಾದರೂ ಅದನ್ನು ಹೇಳದಿದ್ದರೆ ಅನ್ನ ಇಳಿಯುತ್ತಿರಲಿಲ್ಲ.

"ಇದ್ ಸಿಗ್ಡಿಯಾ ಹೆಣ್ಣೆ? ವಾಸ್ನಿಯೇ ಇಲ್ಲೆ. ಕಾಗ್ದ ತಿಂದಾಂಗ್ ಆತ್ತ್."

"ಅಬ್ಬಿ, ಒಂದ್ ಸದ್ದ್ ಇತ್ತ್. ಕೇಣ್ ಕಾಂಬ," ಎಂದು ಸನ್ನಿಧಿ ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದಳು.

ತೆಂಕಳಿವೆಯಲ್ಲಿ ಹಿಂದೆ ಬಲೆ ಬಿಡುವ ಮೊದಲು ಹುಟ್ಟಿನ ಹಿಡಿಯಿಂದ ದೋಣಿಯ ಅಂಚಿಗೆ ತಟ್ಟುವ ಪದ್ಧತಿ ಇತ್ತು. ಕೆಳಗಿದ್ದವರಿಗೆ ಹೇಳದೆ ಕೇಳದೆ ಬಲೆ ಬಿಡಬಾರದು ಅಂತ ಹಿರಿಯರು. ಹಾಗಲ್ಲ, ಮೀನು ಬೆದರಿ ಬಲೆಗೆ ಬೀಳಲಿ ಅಂತ ತಟ್ಟುವುದು ಎಂದು ಬುದ್ಧಿವಂತರು. ಒಂದೊಂದು ಮನೆಗೆ ಒಂದೊಂದು ತಟ್ಟು. ಮಂಜು ಕವಿದ ಬೆಳಿಗ್ಗೆ ಕಣ್ಣಿಗೆ ಕಾಣದಿದ್ದರೂ ಯಾರ ದೋಣಿ ಎಲ್ಲಿದೆ ಅಂತ ಕಿವಿಗೆ ತಿಳಿಯುತ್ತಿತ್ತು. ಫೈಬರ್ ದೋಣಿ, ಇಂಜಿನ್ ಬಂದ ಮೇಲೆ ತಟ್ಟುವವರೂ ಇಲ್ಲ, ಗುರುತಿಸುವವರೂ ಕಡಿಮೆ.

ಗಿರಿಜಳ ಕೈ ಗೆರಸೆಯಲ್ಲೇ ನಿಂತಿತು. "ಇದ್ ಎಲ್ ಸಿಕ್ತ್ ನಿಂಗೆ?"

"ಎಂತ ಅದ್, ಹೇಳ್."

"ಎರಡ್ ತಟ್ಟಿ, ಒಂದ್ ಉಸ್ರ್ ಬಿಟ್ಟ್, ಮತ್ತೊಂದ್. ನಿನ್ ಅಪ್ಪಯ್ಯಂದ್ ಹೆಣ್ಣೆ ಇದ್. ಮನಿ ಬಾಗ್ಲಿಗೂ ಹಾಂಗೇ ತಟ್ತಿದ್ರ್."

"ಅಪ್ಪಯ್ಯ ಹೋಯಿ ಹತ್ತೊಂಬತ್ ವರ್ಷ ಆಯ್ತ್ ಅಬ್ಬಿ."

"ಅದ್ ನಂಗೆ ಹೇಳುದ್ ಬ್ಯಾಡ," ಎಂದಳು ಗಿರಿಜ. "ಇನ್ನೊಂದ್ಸಲ ಹಾಕ್."

ಸನ್ನಿಧಿ ಇನ್ನೊಮ್ಮೆ ಹಾಕಿದಳು. ಆಮೇಲೆ ಇನ್ನೂ ಒಮ್ಮೆ. ತಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮಗಳು ಮಾತ್ರ ಬೇರೆಯೇ ಲೆಕ್ಕ ಹಾಕುತ್ತಿದ್ದಳು. ಕಡಲು ಹತ್ತೊಂಬತ್ತು ವರ್ಷ ಯಾರ ಸದ್ದನ್ನೂ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳುವುದು ಯಂತ್ರ. ಅಷ್ಟು ಹಳೆಯ ಸದ್ದು ಇಟ್ಟುಕೊಂಡಿರಬಹುದಾದ ಮನುಷ್ಯ ಊರಿನಲ್ಲಿ ಒಬ್ಬನೇ ಇದ್ದ: ತಾಯಿಯ ಅಣ್ಣ, ಸಂಘದ ಅಧ್ಯಕ್ಷ, ಅವಳಿಗಿಂತ ಮೊದಲು ಇಪ್ಪತ್ತು ವರ್ಷ ಆ ಮಾಳಿಗೆಯಲ್ಲಿ ಹೆಡ್‌ಫೋನು ಹಾಕಿಕೊಂಡು ಕೂತಿದ್ದ ಸುಧಾಕರ ಮಾವ.

ಮಾವ ಬಲೆಮನೆಯಲ್ಲಿ ಸಿಕ್ಕಿದ. ಎಪ್ಪತ್ತರ ಮುದುಕ, ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಹರಿದ ಬಲೆಯ ಕಣ್ಣು ಹೆಣೆಯುತ್ತಿದ್ದ. ತಂದೆ ಇಲ್ಲದ ಸನ್ನಿಧಿಯನ್ನು ಓದಿಸಿದವನು, ಅವಳಿಗೆ ಕಡಲು ಕೇಳಲು ಕಲಿಸಿದವನು ಅವನೇ. ಅವಳು ಫೋನು ಅವನ ಮುಂದಿಟ್ಟಳು. ಟಕ್ ಟಕ್. ಟಕ್.

ಮಾವ ಬಲೆಯನ್ನು ಕೆಳಗಿಟ್ಟ. ಸುಳ್ಳು ಹೇಳಲು ಒಂದು ಕ್ಷಣ ಬಾಯಿ ತೆರೆದದ್ದು ಅವಳಿಗೆ ಕಂಡಿತು. ಆದರೆ ಹೇಳಲಿಲ್ಲ.

"ಅದನ್ನ್ ಕತ್ರಿಸಿ ತೆಗುಕ್ ಆತಿತ್ತ್," ಎಂದ ಕೊನೆಗೆ. "ಒಂದ್ ನಿಮಿಷದ್ ಕೆಲ್ಸ. ಮನ್ಸ್ ಬರ್ಲಿಲ್ಲೆ."

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಬಿಸಿನೀರು ಬಂದಿತ್ತು. ಎಲ್ಲಿಂದಲೋ ಕಾದ ನೀರಿನ ಪದರವೊಂದು ಕಡಲಿನ ಮೇಲೆ ಮುಚ್ಚಳದ ಹಾಗೆ ಕೂತು, ತಳದ ನೀರಿಗೆ ಗಾಳಿ ಸಿಗದ ಹಾಗೆ ಮಾಡಿತು. ಹನ್ನೆರಡು ದಿನ ಹಾಗೇ ಇತ್ತು. ಹೋಗುವಾಗ ಹಾಸುಪಾರೆಯ ಉಸಿರನ್ನೂ ತೆಗೆದುಕೊಂಡು ಹೋಯಿತು. ಆಗಿನ್ನೂ ಕಿವಿಯ ಕೆಲಸ ಮಾವನದ್ದೇ. ಜೀವಾಂಕ ಅರವತ್ತರಿಂದ ಮೂವತ್ತಕ್ಕೆ, ಮೂವತ್ತರಿಂದ ಒಂಬತ್ತಕ್ಕೆ ಬಿತ್ತು. ಬಲೆ ಸುಟ್ಟದ್ದು, ಕಾಂಡ್ಲ ನೆಟ್ಟದ್ದು, ಹದಿನೆಂಟು ವರ್ಷ ಕಟ್ಟು ಪಾಲಿಸಿದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಯಂತ್ರಕ್ಕೆ ಬೇಕಾದದ್ದು ಸದ್ದು, ಅದು ಇರಲಿಲ್ಲ.

"ಐವತ್ತೊಂದ್ ದಿನ ಕಾದೆ. ಆಮೇಲ್ ಒಂದ್ ಪೆಟ್ಟಿ ಇಳ್ಸ್ದೆ," ಎಂದ ಮಾವ.

ಪೆಟ್ಟಿಗೆ ಅಂದರೆ ನೀರಿನೊಳಗೆ ಸದ್ದು ಹೊರಡಿಸುವ ಯಂತ್ರ. ಅದರೊಳಗೆ ಹಾಸುಪಾರೆಯದ್ದೇ ಹಳೆಯ ಸದ್ದು, ನೆಲೆಹಕ್ಕು ಸಿಕ್ಕಿದ ವರ್ಷ ಲೆಕ್ಕಕ್ಕೆಂದು ಮೊದಲ ಸಲ ಹಿಡಿದದ್ದು. ಆ ದಿನ ಇಂಜಿನ್ ಗಲಾಟೆ ಬೇಡ ಅಂತ ಸನ್ನಿಧಿಯ ತಂದೆ ಹಳೆಯ ಮರದ ದೋಣಿಯನ್ನು ಹುಟ್ಟು ಹಾಕಿ ನಡೆಸಿದ್ದ. ಯಂತ್ರ ನೀರು ಮುಟ್ಟಿದ್ದೇ, ತಳಕ್ಕೆ ಬಿಡುವ ಮುಂಚೆ ಅಂಚಿಗೆ ತಟ್ಟಿದ. ಬಲೆ ಅಲ್ಲ ಮಾರಾಯ ಇದು, ಎಂದು ಮಾವ ನಕ್ಕಿದ್ದಕ್ಕೆ, ಕೆಳಗಿದ್ದವ್ರಿಗೆ ಹೇಳ್ದೆ ಎಂತದನ್ನೂ ಇಳ್ಸುಕಾಗ ಅಂದಿದ್ದನಂತೆ. ಆರು ಗಂಟೆ ಹತ್ತು ನಿಮಿಷದ ಆ ಸದ್ದು ಮೂರು ವರ್ಷದಿಂದ ತಿರುತಿರುಗಿ ಕಡಲಿನಲ್ಲಿ ಹಾಡುತ್ತಿತ್ತು.

"ಕಳ್ತನ ಅಂದ್ಹೇಳಿ ಮಾಡಿದ್ದಲ್ಲ ಹೆಣ್ಣೆ," ಎಂದ ಮಾವ. ಅವನು ಓದಿಕೊಂಡಿದ್ದ. ಮೀನಿನ ಮರಿ ಹುಟ್ಟುವುದು ನಡುಗಡಲಿನಲ್ಲಿ, ಸಾಸಿವೆ ಕಾಳಿನಷ್ಟಿರುವಾಗ ಅದಕ್ಕೆ ಮನೆ ಎಲ್ಲಿ ಅಂತ ಗೊತ್ತಿಲ್ಲ. ವಾಲಗದ ಸದ್ದು ಹಿಡಿದು ಮದುವೆಮನೆ ಹುಡುಕುವವರ ಹಾಗೆ ಅದು ಬಂಡೆಯ ಗದ್ದಲ ಕೇಳಿಕೊಂಡು ಬರುತ್ತದೆ. ಸತ್ತ ಬಂಡೆಯ ಮೇಲೆ ಜೀವದ ಸದ್ದು ಹಾಕಿ ಮರಿಗಳನ್ನು ಕರೆದು ಮತ್ತೆ ಊರು ಕಟ್ಟಿಸಿದ್ದು ಬೇರೆ ದೇಶಗಳಲ್ಲಿ ಆಗಿತ್ತು. "ಮರಿ ಬಂದ್ರೆ ಸುಳ್ಳೇ ನಿಜ ಆತ್ತ್ ಅಂದ್ಕಂಡೆ. ಮರಿಯೂ ಬಂತ್. ರಾಶಿ ರಾಶಿ ಬಂತ್."

"ಬಂದದ್ ಎಲ್ಲ್ ಹೋಯ್ತ್?" ಎಂದಳು ಸನ್ನಿಧಿ.

ಮಾವ ಮತ್ತೆ ಬಲೆ ಎತ್ತಿಕೊಂಡ.

ಮರುದಿನ ಬೆಳಿಗ್ಗೆ ಸಂಘದ ಕಾವಲುದೋಣಿಯಲ್ಲಿ ಇಬ್ಬರೇ ಹೊರಟರು. ಗಾಳಿ ಇರಲಿಲ್ಲ. ಹಾಸುಪಾರೆಯ ಮೇಲೆ ನೀರು ಎಣ್ಣೆ ಸವರಿದ ಹಾಗೆ ನುಣ್ಣಗಿತ್ತು. ಸನ್ನಿಧಿ ದೋಣಿಯಂಚಿಗೆ ಬಗ್ಗಿ ನೋಡಿದಳು. ಮೇಲಿನ ಎರಡು ಮಾರು ನೀರಿನಲ್ಲಿ ಮರಿಗಳೇ ಮರಿಗಳು. ಗಾಜಿನ ಚೂರಿನಂಥವು, ಕಣ್ಣೊಂದೇ ಕಪ್ಪಗೆ ಕಾಣುವಂಥವು. ಇಷ್ಟು ಮರಿಯನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಎಲ್ಲವೂ ಮೂತಿ ಕೆಳಗೆ ಮಾಡಿಕೊಂಡಿದ್ದವು. ಒಂದು ಕ್ಷಣ ಅವಳಿಗೆ ಖುಷಿಯೇ ಆಯಿತು.

ಆಮೇಲೆ ಕ್ಯಾಮೆರಾವನ್ನು ದಾರಕ್ಕೆ ಕಟ್ಟಿ ಇಳಿಸಿದಳು. ಐದು ಮಾರಿನಲ್ಲಿ ಮರಿಗಳು ತೆಳುವಾದವು. ಏಳರಲ್ಲಿ ಒಂದೂ ಈಜುತ್ತಿರಲಿಲ್ಲ, ಬೀಳುತ್ತಿದ್ದವು. ಒಂಬತ್ತನೆಯ ಮಾರಿನಲ್ಲಿ ಬಂಡೆ ಕಾಣಬೇಕಿತ್ತು. ಬಂಡೆ ಕಾಣಲಿಲ್ಲ. ತಳದ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ ಬಿಳಿ. ಸಿಮೆಂಟಿನ ಬಳೆಗಳ ಬಾಯಿಯವರೆಗೂ ಅದೇ ತುಂಬಿತ್ತು. ಕ್ಯಾಮೆರಾದ ದಾರ ಸಡಿಲ ಬಿಟ್ಟಾಗ ಅದು ಆ ಬಿಳಿಯೊಳಗೆ ಒಂದು ಮೊಳ ಹೂತು ನಿಂತಿತು.

ಅಲ್ಲಿ ಈಗಲೂ ಉಸಿರಾಡುವ ಗಾಳಿ ಇರಲಿಲ್ಲ. ಬಿಸಿನೀರು ಹೋಗಿ ಎಷ್ಟೋ ಕಾಲವಾಗಿದ್ದರೂ, ಮೇಲಿಂದ ಬಿದ್ದ ಮರಿಗಳು ಕೊಳೆತು ಉಳಿದ ಗಾಳಿಯನ್ನೂ ತಿನ್ನುತ್ತಿದ್ದವು. ಮರಿ ಬಂದಷ್ಟೂ ತಳ ಸಾಯುತ್ತಿತ್ತು. ಕೆಳಗೆ ಪೆಟ್ಟಿಗೆ ಹಾಡುತ್ತಿತ್ತು, ಮೇಲಿನವು ಕೇಳಿಕೊಂಡು ಇಳಿಯುತ್ತಿದ್ದವು. ಬುಟ್ಟಿ ಯಾಕೆ ಖಾಲಿ ಅಂತ ಸನ್ನಿಧಿಗೆ ಗೊತ್ತಾಯಿತು. ಅವಳು ದಾರ ಮೇಲೆಳೆದು ಮಾವನ ಕಡೆ ತಿರುಗಿದಳು.

"ನಿಮ್ಗ್ ಗೊತ್ತಿತ್ತಾ ಇದ್?"

"ಹೋದ್ ವರ್ಷ ಒಂದ್ಸಲ ಕ್ಯಾಮ್ರಾ ಇಳ್ಸ್ದೆ," ಎಂದ ಮಾವ. "ಮತ್ತೆ ಇಳ್ಸುಕ್ ಧೈರ್ಯ ಬರ್ಲಿಲ್ಲೆ."

"ಬೀಗದ್ ಕೈ ಕೊಡಿ."

ಪೆಟ್ಟಿಗೆಯ ಸ್ವಿಚ್ಚು ತೇಲುಬುರುಡೆಯ ಒಳಗಿತ್ತು, ಅದರ ಬೀಗದಕೈ ಮಾವನ ಉಡಿದಾರದಲ್ಲಿ. ಅವನು ಸೊಂಟಕ್ಕೆ ಕೈ ಹಾಕಿದವನು ಹಾಗೇ ನಿಂತ. "ಇನ್ನೂರ ನಲ್ವತ್ ಮನಿ ಇತ್ತ್ ಹೆಣ್ಣೆ. ನೀ ಇವತ್ ಮುಚ್ಚಿರೆ ತೊಂಬತ್ ದಿನಕ್ಕೆ ಅಲ್ ಕಾಣ್," ಎಂದು ದಿಗಂತದ ಎರಡು ಹಡಗುಗಳ ಕಡೆ ಗದ್ದ ಎತ್ತಿದ. "ಅವ್ರ್ ಒಂದ್ಸಲ ಬಗ್ದ್ರೆ ಬಂಡಿಯೂ ಉಳಿತಿಲ್ಲೆ. ಹಾಂಗಾರೂ ಮುಚ್ಚುಕಾ?"

"ಮುಚ್ದೆ ಇದ್ರೆ ಕಡ್ಲೇ ಉಳಿತಿಲ್ಲೆ ಮಾವ. ಈ ಮರಿ ನಮ್ದ್ ಮಾತ್ರ ಅಲ್ಲ. ಎಲ್ಲೆಲ್ಲಿಂದೋ ಬಂದದ್. ಯಾರ್ಯಾರ್ದೋ ನಾಳಿನ್ ಮೀನ್ ಇದ್. ನಾವ್ ಕರ್ದ್ ಕರ್ದ್ ಕೊಲ್ತಾ ಇಪ್ಪುದ್."

ಮೂರು ವರ್ಷ ಒಬ್ಬನೇ ಹೊತ್ತ ಗುಟ್ಟು ಮನುಷ್ಯನನ್ನು ಎಷ್ಟು ಕುಗ್ಗಿಸುತ್ತದೆ ಅಂತ ಸನ್ನಿಧಿಗೆ ಆಗ ಕಂಡಿತು. ಸಿಟ್ಟಿನ ಜೊತೆಗೇ ಪಾಪ ಅನ್ನಿಸಿತು. ಅವನು ಉಡಿದಾರ ಸಡಿಲಿಸಿ ಬೀಗದಕೈ ಬಿಚ್ಚಿಕೊಟ್ಟ. "ನೀನೇ ಮಾಡ್. ನಂಗೆ ಕೈ ಬತ್ತಿಲ್ಲೆ."

ಅವಳು ಸ್ವಿಚ್ಚು ಆರಿಸಿದಳು. ನೀರಿನ ಮೇಲೆ ಏನೂ ಬದಲಾಗಲಿಲ್ಲ.

ಹನ್ನೊಂದು ಗಂಟೆಗೆ ಮಾಳಿಗೆ ಹತ್ತುವಾಗ ಸನ್ನಿಧಿ ಅಂಕಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಒಂಬತ್ತೋ, ಏಳೋ. ಬಾಗಿಲು ತೆರೆದು ನೋಡಿದರೆ ಗೋಡೆಯಲ್ಲಿ ಐವತ್ತಾರು, ಇನ್ನೂ ಹಸಿರು.

ಅವಳು ಯಂತ್ರ ನಿಲ್ಲಿಸಿ ಮತ್ತೆ ಹಚ್ಚಿದಳು. ಐವತ್ತಾರು. ಹೆಡ್‌ಫೋನು ಹಾಕಿಕೊಂಡಳು. ಸದ್ದು ಸ್ವಲ್ಪ ದೂರವಾದ ಹಾಗಿತ್ತು, ಆದರೆ ಇತ್ತು. ಸಾಸಿವೆ ಸಿಡಿಯುತ್ತಿತ್ತು. ಕೊಡ್ಡಾಯಿ ಡೋಲು ಬಡಿಯುತ್ತಿತ್ತು.

"ಪೆಟ್ಟಿ ಮುಚ್ಚಿತ್ತಲ್ದಾ?" ಎಂದ ಬಾಗಿಲಲ್ಲಿ ನಿಂತ ಮಾವ.

"ಮುಚ್ಚಿತ್ತ್."

"ಹಾಂಗಾರೆ ಬಂಡಿ ಬದ್ಕಿತ್ತ್!" ಮಾವ ಕುರ್ಚಿಗೆ ಕುಸಿದು ಕೂತ. ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಅತ್ತ. "ಎಲ್ಲೋ ಒಂದ್ ಮೂಲಿಯಂಗೆ ಬದ್ಕಿತ್ತ್ ಹೆಣ್ಣೆ. ನಾ ಹೇಳಿದ್ನಲ್ದಾ. ಸುಳ್ಳೇ ನಿಜ ಆತ್ತ್ ಅಂದ್ಹೇಳಿ."

ಸನ್ನಿಧಿಗೂ ನಂಬಬೇಕು ಅನ್ನಿಸಿತು. ತಾನು ಕ್ಯಾಮೆರಾದಲ್ಲಿ ಕಂಡದ್ದು ಬಂಡೆಯ ಒಂದು ಮಗ್ಗುಲು ಮಾತ್ರ ಇರಬಹುದು, ಇನ್ನೊಂದು ಮಗ್ಗುಲಲ್ಲಿ ಊರಿರಬಹುದು. ಐದು ನಿಮಿಷ ಅವಳೂ ಆ ಸಂತೋಷದಲ್ಲಿ ಕೂತಳು. ಕೇಳುವುದೇ ಕಸುಬಾದವಳಿಗೆ ಆಮೇಲೆ ಒಂದು ಪ್ರಶ್ನೆ ತಾನಾಗಿ ಎದ್ದಿತು: ಸದ್ದು ಯಾವ ಕಡೆಯಿಂದ? ಎಂಟು ಕಂಬಗಳಲ್ಲಿ ಯಾವುದಕ್ಕೆ ಮೊದಲು ಕೇಳುತ್ತದೆ, ಯಾವುದಕ್ಕೆ ಆಮೇಲೆ ಅಂತ ನೋಡಿದರೆ ದಿಕ್ಕು ಸಿಗುತ್ತದೆ. ಇಷ್ಟು ದಿನ ನಡುವಿನ ಪೆಟ್ಟಿಗೆಯ ಅಬ್ಬರದಲ್ಲಿ ಎಲ್ಲವೂ ಅಡಿಯಿಂದಲೇ ಬಂದ ಹಾಗೆ ಕಾಣುತ್ತಿತ್ತು. ಈಗ ಹಾಕಿ ನೋಡಿದಳು.

ಅಡಿಯಿಂದ ಏನೂ ಇರಲಿಲ್ಲ. ಸದ್ದಿನ ಬಹುಪಾಲು ಬರುತ್ತಿದ್ದದ್ದು ಬಡಗಿನಿಂದ, ಸ್ವಲ್ಪ ತೆಂಕಿನಿಂದ. ಎರಡೂ ಸಂಘದ ಗಡಿಯ ಆಚೆಯಿಂದ.

ಬಡಗಿನ ತುಂಡು ಕಾಳಬಂಡೆ ಸಂಘದ್ದು. ಅಲ್ಲಿಯ ಕಿವಿಯ ಕೆಲಸದವಳು ದೀಕ್ಷಾ ಖಾರ್ವಿ. ಇಬ್ಬರೂ ಒಟ್ಟಿಗೆ ತರಬೇತಿ ಪಡೆದವರು, ಒಂದೇ ತಟ್ಟೆಯಲ್ಲಿ ಉಂಡವರು. ಸನ್ನಿಧಿ ಫೋನು ಮಾಡಿ, ಮಾವನಿಗೂ ಕೇಳಲೆಂದು ದನಿ ದೊಡ್ಡದು ಮಾಡಿ, ಕುಶಲ ಕೇಳದೆ, ಕೇಳಬೇಕಾದ್ದನ್ನೇ ಕೇಳಿದಳು.

"ದೀಕ್ಷಾ, ನಿಮ್ಮಲ್ಲಿ ಪೆಟ್ಟಿಗೆ ಇದ್ಯಾ?"

ಆ ಕಡೆ ಫ್ಯಾನು ತಿರುಗುವ ಸದ್ದು ಮಾತ್ರ ಕೇಳಿತು.

"ಎರಡು ವರ್ಷ ಆಯ್ತು," ಎಂದಳು ದೀಕ್ಷಾ. "ನಿನಗೆ ಹ್ಯಾಂಗೆ ಗೊತ್ತಾಯ್ತು?"

"ನಮ್ಮಲ್ಲೂ ಇತ್ತು. ಇವತ್ತು ಆರಿಸಿದೆ. ಈಗ ನಿಮ್ಮದು ಕೇಳ್ತಾ ಇದೆ."

"ನಿಮ್ಮಲ್ಲೂ?" ದೀಕ್ಷಾಳ ದನಿ ಒಡೆಯಿತು. "ಏ ಸನ್ನಿಧಿ, ಹಾಗೆ ಹೇಳಬೇಡ. ನಿಮ್ಮದು ಖರೆ ಅಂತ ನಾವು ತಿಳ್ಕೊಂಡಿದ್ದೆವು. ಪಕ್ಕದಲ್ಲೇ ಹಾಸುಪಾರೆ ಜೀವಂತ ಇದೆ, ಅಲ್ಲಿಂದ ಬೀಜ ನಮ್ಮ ಕಡೆ ಬರ್ತದೆ, ಅಲ್ಲಿವರೆಗೆ ಮಾತ್ರ ಈ ಪೆಟ್ಟಿಗೆ ಅಂತ. ನಿಮ್ಮ ಸದ್ದು ಏರಿದ ಹಾಗೆ ನಾವೂ ಏರಿಸಿದ್ದು."

ಮಾವ ಮುಖದಿಂದ ಕೈ ತೆಗೆದ. ಅವನೂ ಪೆಟ್ಟಿಗೆಯ ದನಿ ಏರಿಸಿದ್ದ, ಪ್ರತಿ ವರ್ಷ ಸ್ವಲ್ಪ ಸ್ವಲ್ಪ. ಕಾಳಬಂಡೆಯ ಅಂಕಿ ತಮ್ಮದಕ್ಕಿಂತ ಮೇಲಿದೆ, ಅವರು ಏನೋ ಸರಿಯಾಗಿ ಮಾಡುತ್ತಿದ್ದಾರೆ ಅಂದುಕೊಂಡು.

"ಈಗ ಏನು ಮಾಡ್ಲಿ?" ಎಂದಳು ದೀಕ್ಷಾ.

ಐವತ್ತಾರು ನಲವತ್ತಕ್ಕಿಂತ ಮೇಲೆ. ಬಡಗಿನವರ ಸುಳ್ಳಿನ ನೆರಳಲ್ಲಿ ತೆಂಕಳಿವೆ ಇನ್ನೆಷ್ಟೋ ವರ್ಷ ಉಳಿಯಬಹುದಿತ್ತು, ಕೈಗೆ ಒಂದು ಚೂರು ಕೊಳೆಯೂ ಹತ್ತದೆ. ಸುಮ್ಮನಿದ್ದರೆ ಸಾಕಿತ್ತು. ಸನ್ನಿಧಿ ಮಾವನ ಮುಖ ನೋಡಿದಳು.

"ಒಂದು ಕ್ಯಾಮೆರಾ ಇಳಿಸಿ ನೋಡು," ಎಂದಳು. "ನೋಡಿದ ಮೇಲೆ ನಿನಗೆ ಯಾರೂ ಹೇಳೋದು ಬೇಡ."

ಎರಡೂವರೆಗೆ ಬಡಗಿನ ಸದ್ದು ನಿಂತಿತು, ಅಂಕಿ ಇಪ್ಪತ್ತೆರಡಕ್ಕೆ ಬಿತ್ತು. ಗೋಡೆ ಕೆಂಪಾಯಿತು. ತೆಂಕಿನ ಸಂಘದವರು ಅವಳ ಮಾತು ಮುಗಿಯುವ ಮೊದಲೇ ಅಂಥದ್ದೇನೂ ನಮ್ಮಲ್ಲಿಲ್ಲ ಅಂತ ಗದರಿ ಫೋನು ಇಟ್ಟರು. ಮುಕ್ಕಾಲು ಗಂಟೆಯ ನಂತರ ಅಂಕಿ ತಾನಾಗಿ ನಾಲ್ಕಕ್ಕೆ ಇಳಿಯಿತು. ಅಲ್ಲಿ ಯಾರು ಸ್ವಿಚ್ಚು ಆರಿಸಿದರೋ, ಏನು ನೋಡಿ ಆರಿಸಿದರೋ ಅವಳಿಗೆ ತಿಳಿಯಲಿಲ್ಲ. ದೀಕ್ಷಾಳಿಂದ ಮಾತ್ರ ಒಂದು ಸಂದೇಶ ಬಂತು: ತಮಗಿಂತ ಬಡಗಿನವರನ್ನು ಕೇಳಿದಳಂತೆ. ಅವರೂ ಪೆಟ್ಟಿಗೆ ಇಳಿಸಿ, ಕಾಳಬಂಡೆ ಜೀವಂತ ಇದೆ ಅಂತಲೇ ಧೈರ್ಯವಾಗಿದ್ದರಂತೆ.

ಸನ್ನಿಧಿ ಧಕ್ಕೆಯ ಮೈಕಿನಲ್ಲಿ ಸಂಘದ ಸದಸ್ಯರೆಲ್ಲ ಕೂಡಲೇ ಸಭಾಮನೆಗೆ ಬರಬೇಕು ಅಂತ ಕೂಗಿಸಿದ್ದಳು. ನಾಲ್ಕು ಗಂಟೆಗೆ ಸಭಾಮನೆ ತುಂಬಿತು. ಹಳೆಯ ಐಸ್ ಪ್ಲಾಂಟಿನ ದೊಡ್ಡ ಕೋಣೆ ಅದು, ಬೇಸಿಗೆಯಲ್ಲೂ ತಂಪು. ಗಂಡಸರು ನೆಲದ ಮೇಲೆ, ಹೆಂಗಸರು ಗೋಡೆಗೆ ಒರಗಿ. ಗಿರಿಜ ಮುಂದಿನ ಸಾಲಿನಲ್ಲೇ ಬಂದು ಕೂತಿದ್ದಳು, ಗಂಡನ ಸದ್ದು ಇನ್ನೊಮ್ಮೆ ಕೇಳಿಸಬಹುದು ಎಂಬ ಆಸೆಯಿಂದಲೇ ಬಂದಿದ್ದಾಳೆ ಅಂತ ಮಗಳಿಗೆ ಗೊತ್ತಿತ್ತು. ಮಾವ ವೇದಿಕೆಯ ಮೇಲೆ ಕೂರದೆ ಬಾಗಿಲ ಹತ್ತಿರ ನಿಂತಿದ್ದ. ಹೇಳಬೇಕಾದ್ದನ್ನು ತಾನೇ ಹೇಳುತ್ತೇನೆ, ಆದರೆ ಮೊದಲು ಅವರು ಕೇಳಲಿ ಎಂದಿದ್ದ.

ಹಾಸುಪಾರೆಯನ್ನು ಊರಿನವರಿಗೆ ಕೇಳಿಸುವುದು ಹೊಸತಲ್ಲ. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ದೊಡ್ಡ ಸ್ಪೀಕರಿಗೆ ಎಂಟೂ ಕಂಬಗಳ ಸದ್ದನ್ನು ನೇರವಾಗಿ ಜೋಡಿಸಿ ಎಲ್ಲರೂ ಕೇಳುತ್ತಿದ್ದರು. ಮುದುಕರು ಇದು ಕೊಡ್ಡಾಯಿ, ಇದು ಏಡಿ ಅಂತ ವಾದ ಮಾಡುತ್ತಿದ್ದರು, ಹೆಂಗಸರು ನಗುತ್ತಿದ್ದರು. ಸನ್ನಿಧಿ ಈಗಲೂ ತಂತಿ ಜೋಡಿಸಿದಳು. ದನಿಯನ್ನು ಪೂರ್ತಿ ಏರಿಸಿದಳು. ಸ್ಪೀಕರಿನ ಪಕ್ಕದಲ್ಲಿ ಕೈಕಟ್ಟಿ ನಿಂತಳು.

ಜನ ಮಾತಾಡಿಕೊಂಡರು. ಖಾಲಿ ಬುಟ್ಟಿಯ ಮಾತು, ಹಡಗಿನ ಮಾತು. ಒಬ್ಬ ಹೆಂಗಸು ಯಾರ ಮನೆಯ ಮದುವೆಯೋ ಮುಂದೆ ಹೋಯಿತು ಅಂದಳು. ಮಾತು ನಿಧಾನವಾಗಿ ಕಡಿಮೆಯಾಗಿ, ಎಲ್ಲರೂ ಸ್ಪೀಕರಿನ ಕಡೆ ತಿರುಗಿದರು. ಕಾದರು. ಎಂಬತ್ತು ದಾಟಿದ ಬಾಬು ಮರಕಾಲರು, ಊರಿನಲ್ಲಿ ಎಲ್ಲರ ತಟ್ಟನ್ನೂ ಬಲ್ಲವರು, ಕಿವಿಗೆ ಅಂಗೈ ಮರೆಮಾಡಿಕೊಂಡು ಕೂತಿದ್ದರು. ಅವರಿಗೆ ಬೇಸರ ಬಂತು.

"ಶುರು ಮಾಡ್ ಹೆಣ್ಣೆ, ಕೇಂಬ," ಎಂದರು. "ಎಷ್ಟೊತ್ತ್ ಕೂಕಂಬುದ್?"

ಸನ್ನಿಧಿ ಅವರ ಕಡೆ ತಿರುಗಿದಳು.

"ಶುರು ಮಾಡಿ ಹತ್ ನಿಮಿಷ ಆಯ್ತ್ ಅಜ್ಜಯ್ಯ."